ಮಾಳಿಗೆ ಮೇಲೆ ಕೂತು ನಕ್ಕ ಆರು ಸಿನಿಮಾ

ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ರಾತ್ರಿ ಎಂಟಾದರೂ ಗೋಡೆಯ ಕಾವು ಆರಿರುವುದಿಲ್ಲ. ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಹಾಗಾಗಿ ನಮ್ಮ ಓಣಿಯಲ್ಲಿ ಮುಕ್ಕಾಲು ಮಂದಿ ಉಂಡ ಮೇಲೆ ಚಾಪೆ, ದಿಂಬು, ನೀರಿನ ತಂಬಿಗೆ ಹಿಡಿದುಕೊಂಡು ಮಾಳಿಗೆ ಹತ್ತುತ್ತಾರೆ. ನಮ್ಮದು ಕೌಲ್ ಬಜಾರ್ ಕಡೆ ಮನೆ. ಕೆಳಗೆ ಜೀನ್ಸ್ ಹೊಲಿಯುವ ಆರು ಮಷಿನ್, ಮೇಲೆ ನಾವು. ವಾರವಿಡೀ ಮಷಿನ್ ಸದ್ದು ಕೇಳಿದವರಿಗೆ ಭಾನುವಾರ ಬೇರೇನೂ ಬೇಡ, ನಾಲ್ಕು ಜನ ಕೂತು ಹೊಟ್ಟೆ ತುಂಬ ನಕ್ಕರೆ ಸಾಕು ಅನ್ನಿಸುತ್ತದೆ. ಅದಕ್ಕೇ ಈ ಬೇಸಿಗೆಯಲ್ಲಿ 6,500 ರೂಪಾಯಿ ಕೊಟ್ಟು ಒಂದು ಸಣ್ಣ ಪ್ರೊಜೆಕ್ಟರ್ ತರಿಸಿದೆ. ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ಕಂಬಕ್ಕೂ ಬಿಳಿ ಚಾದರ ಕಟ್ಟಿದೆವು. ಮೊದಲ ವಾರ ಬೆರಳೆಣಿಕೆಯ ಜನ ಇದ್ದೆವು. ಮೂರನೆಯ ವಾರಕ್ಕೆ ಮೆಟ್ಟಿಲ ಹತ್ತಿರ ಇಪ್ಪತ್ತೆರಡು ಜೊತೆ ಚಪ್ಪಲಿ.

ಎರಡು ತಿಂಗಳು ಭಾನುವಾರ ಬಿಡದೆ ಕಾಮಿಡಿ ಸಿನಿಮಾನೇ ಹಾಕಿದೆವು. ಕೆಲವು ಎದ್ದು ನಿಂತವು, ಕೆಲವು ಮಲಗಿಬಿಟ್ಟವು. ಯಾವುದು ಯಾಕೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮುಖ್ಯವಾದ ಮಾತು. ನಗುವ ಸಿನಿಮಾಕ್ಕೆ ಚಿತ್ರಕ್ಕಿಂತ ಸದ್ದು ಮುಖ್ಯ. ಇದು ನನಗೆ ಮೊದಲ ಭಾನುವಾರವೇ ಗೊತ್ತಾಯಿತು. ಪ್ರೊಜೆಕ್ಟರ್ ಮಾರಿದವರು ಒಳಗೇ ಸ್ಪೀಕರ್ ಇದೆ, ಬೇರೆ ಏನೂ ಬೇಡ ಅಂದಿದ್ದರು. ಆ ಸ್ಪೀಕರ್ ಸದ್ದು ಎರಡನೆಯ ಚಾಪೆಗೂ ಮುಟ್ಟಲಿಲ್ಲ. ಹೊಡೆದಾಟದ ಸಿನಿಮಾ ಆದರೆ ಕೈಕಾಲು ಆಡುವುದು ನೋಡಿದರೂ ನಡೆಯುತ್ತದೆ. ಕಾಮಿಡಿಯಲ್ಲಿ ಒಂದು ಮಾತಿನ ಕೊನೆಯ ಪದ ತಪ್ಪಿತೆಂದರೆ ಇಡೀ ನಗು ಹೋಯಿತು. ಮುಂದೆ ಕೂತವರು ನಗುತ್ತಾರೆ, ಹಿಂದೆ ಕೂತವರು 'ಏನಂದ, ಏನಂದ' ಅಂತ ಕೇಳುತ್ತಾರೆ, ಹೇಳುವಷ್ಟರಲ್ಲಿ ಇನ್ನೊಂದು ಮಾತು ಹೋಗಿರುತ್ತದೆ. ನಮ್ಮ ಅವ್ವನಿಗೆ ಬೇರೆ ಎಡಗಿವಿ ಮಂದ. ಅವತ್ತು ಅವರು ಅರ್ಧಕ್ಕೇ ಎದ್ದು ಮಲಗಲು ಹೋದರು. ಮುಂದಿನ ವಾರ ಓಣಿಯ ಗಣಪತಿ ಕೂಡಿಸುವ ಹುಡುಗರ ಹತ್ತಿರ ಇದ್ದ ಒಂದು ಸ್ಪೀಕರ್ ಕೇಳಿ ತಂದೆವು, ಅವ್ವನ ಕುರ್ಚಿಯನ್ನು ಅದರ ಬಲಕ್ಕೆ ಹಾಕಿದೆವು. ಆಗಲೇ ನಿಜವಾದ ಸಿನಿಮಾ ಶುರುವಾಯಿತು. ನೀವೂ ಹೀಗೆ ಮಾಡುವುದಾದರೆ ದುಡ್ಡನ್ನು ಸ್ಪೀಕರಿಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ. ಇನ್ನೊಂದು, ಬೇಸಿಗೆಯಲ್ಲಿ ಏಳೂವರೆ ಆಗದೆ ಸರಿಯಾಗಿ ಕತ್ತಲಾಗುವುದಿಲ್ಲ, ಅದಕ್ಕೂ ಮೊದಲು ಹಚ್ಚಿದರೆ ಚಾದರದ ಮೇಲೆ ಏನೂ ಕಾಣುವುದಿಲ್ಲ.

ಇನ್ನು ಸಿನಿಮಾಗೆ ಬರೋಣ.

ಶುರು ಮಾಡಿದ್ದು 'ಗಣೇಶನ ಮದುವೆ'ಯಿಂದ. 1990ರದು, ಫಣಿ ರಾಮಚಂದ್ರ ಅವರ ನಿರ್ದೇಶನ. ಅನಂತನಾಗ್, ವಿನಯಾ ಪ್ರಸಾದ್. ಕಥೆ ಇಷ್ಟೇ: ಒಂದು ವಠಾರ, ಅದರ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಅಲ್ಲಿ ಬಾಡಿಗೆಗೆ ಇರುವ ಗಣೇಶನಿಗೂ ಮಾಲೀಕರ ಮಗಳು ಆದಿಲಕ್ಷ್ಮಿಗೂ ಕಂಡರೆ ಆಗುವುದಿಲ್ಲ, ಬೆಳಗಾದರೆ ಜಗಳ. ಅದೇ ಗಣೇಶ ಶ್ರುತಿ ಅನ್ನುವ ಗಾಯಕಿಯ ದನಿಗೆ ಮನಸೋತು ಕಾಗದ ಬರೆಯುತ್ತಾನೆ. ಆ ಶ್ರುತಿ ಬೇರೆ ಯಾರೂ ಅಲ್ಲ, ಇದೇ ಆದಿಲಕ್ಷ್ಮಿ. ಅವಳಿಗೂ ಕಾಗದ ಬರೆಯುವವನು ಇವನೇ ಅಂತ ಗೊತ್ತಿಲ್ಲ. ಕಾಗದದಲ್ಲಿ ಪ್ರೀತಿ, ನಲ್ಲಿ ಹತ್ತಿರ ಬೈಗುಳ.

ಈ ಸಿನಿಮಾದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು, ನೋಡುವ ನಮಗೆ ಎಲ್ಲ ಗೊತ್ತು, ಅವರಿಬ್ಬರಿಗೆ ಮಾತ್ರ ಗೊತ್ತಿಲ್ಲ. ನಿರ್ದೇಶಕರು ನಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಗುಟ್ಟು ನಮ್ಮ ಕೈಯಲ್ಲೇ ಇರುತ್ತದೆ, ಅದು ಯಾವಾಗ ಒಡೆಯುತ್ತದೋ ಅಂತ ಕಾಯುತ್ತಾ ಕೂರುವುದೇ ಒಂದು ಸುಖ. ಅನಂತನಾಗ್ ಮುಖ ನೋಡಬೇಕು. ಅವರು ನಗಿಸಲು ಯಾವತ್ತೂ ಹಲ್ಲು ಕಿರಿಯುವುದಿಲ್ಲ, ಕೂಗುವುದಿಲ್ಲ. ತನಗೆ ಆಗುತ್ತಿರುವುದು ದೊಡ್ಡ ಅನ್ಯಾಯ ಅನ್ನುವ ಹಾಗೆ ಗಂಭೀರವಾಗಿ ಮಾತಾಡುತ್ತಾರೆ. ಆ ಗಂಭೀರಕ್ಕೇ ನಗು ಬರುವುದು. ನಮ್ಮ ಕಡೆ ವಠಾರ ಅನ್ನುವ ಮಾತು ಬಳಕೆಯಲ್ಲಿ ಕಡಿಮೆ, ಸಾಲುಮನೆ ಅನ್ನುತ್ತೇವೆ. ಹೆಸರು ಏನಾದರೇನು, ಒಂದೇ ನಲ್ಲಿ, ಒಂದೇ ಅಂಗಳ, ಗೋಡೆಗೆ ಕಿವಿಕೊಟ್ಟರೆ ಪಕ್ಕದ ಮನೆಯ ಉಪ್ಪು ಖಾರ ಎಲ್ಲ ಗೊತ್ತು. ನಮ್ಮ ಮಷಿನ್ ಮೇಲೆ ಕೂಡುವ ಇಬ್ಬರು ಟೈಲರ್ ಇರುವುದು ಅಂಥ ಸಾಲುಮನೆಯಲ್ಲೇ. ಅವರ ಹೆಂಡತಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೊದಲ ಸಲ ನೋಡುವವರಿಗೆ, ಮನೆಯಲ್ಲಿ ಮಕ್ಕಳು ಮುದುಕರು ಎಲ್ಲ ಇದ್ದರೆ, ಕಣ್ಣು ಮುಚ್ಚಿಕೊಂಡು ಇದನ್ನೇ ಹಾಕಿ. ಇದು ಹಿಡಿಸಿದರೆ ಅದೇ ಫಣಿ ರಾಮಚಂದ್ರ, ಅನಂತನಾಗ್, ವಿನಯಾ ಪ್ರಸಾದ್ ಸೇರಿ 1991ರಲ್ಲಿ ಮಾಡಿದ 'ಗೌರಿ ಗಣೇಶ' ಇದೆ. ನನಗೆ ಅದು ಇದಕ್ಕಿಂತ ಒಂದು ಕೂದಲು ಕಡಿಮೆ, ಮನೆಯವಳಿಗೆ ಅದೇ ಮೇಲು.

ಎರಡನೆಯದು 'ರಾಮ ಶಾಮ ಭಾಮ', 2005. ಇದರ ಬಗ್ಗೆ ನಾನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಮ್ಮ ಉತ್ತರ ಕರ್ನಾಟಕದ ಮಾತನ್ನು ಕನ್ನಡ ಸಿನಿಮಾದಲ್ಲಿ ಹೇಗೆ ಬಳಸುತ್ತಾರೆ ನೋಡಿದ್ದೀರಲ್ವಾ? ಹೀರೋ ಬೆಂಗಳೂರಿನ ಕನ್ನಡ ಆಡುತ್ತಾನೆ. ಹೀರೋಯಿನ್ನೂ ಅಷ್ಟೇ. ಮನೆ ಕೆಲಸದವನು, ಬಸ್ ಸ್ಟ್ಯಾಂಡಿನಲ್ಲಿ ಗಂಟು ಹೊತ್ತು ನಿಂತವನು, ಏನೂ ತಿಳಿಯದ ಪೊಲೀಸ್ ಪೇದೆ, ಇವರು ಬಾಯಿ ಬಿಟ್ಟರೆ ಮಾತ್ರ ನಮ್ಮ ಭಾಷೆ. ಅವನು 'ಯಾಕ್ರೀ' ಅಂದರೆ ಸಾಕು, ಅಲ್ಲಿ ನಗಬೇಕು ಅಂತ ಹಿಂದಿನಿಂದ ಒಂದು ಮ್ಯೂಸಿಕ್. ಮಾತಿನಲ್ಲಿ ತಮಾಷೆ ಇರುವುದಿಲ್ಲ, ಅವನು ಆ ಭಾಷೆ ಆಡುತ್ತಾನೆ ಅನ್ನುವುದೇ ತಮಾಷೆ. ಇದು ನನಗೆ ಚಿಕ್ಕವನಿದ್ದಾಗಿನಿಂದ ಮನಸ್ಸಿಗೆ ನೋವು ಕೊಟ್ಟ ವಿಷಯ. ನಮ್ಮ ಅವ್ವ ಆಡುವ ಮಾತು ಅದು. ನಮ್ಮ ಅಪ್ಪ ಸಾಯುವಾಗ ಆಡಿದ ಮಾತು ಅದು. ಅದನ್ನು ಕೇಳಿ ಯಾರಾದರೂ ಸುಮ್ಮಸುಮ್ಮನೆ ನಕ್ಕರೆ ಹೇಗನ್ನಿಸುತ್ತದೆ?

ರಮೇಶ್ ಅರವಿಂದ್ ಮೊದಲ ಸಲ ನಿರ್ದೇಶನ ಮಾಡಿದ ಈ ಸಿನಿಮಾದಲ್ಲಿ ಕಮಲ್ ಹಾಸನ್ ಒಬ್ಬ ಡಾಕ್ಟರ್. ಅವರ ಹೆಂಡತಿ ಭಾಮ ಆಗಿ ಊರ್ವಶಿ. ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿ-ಧಾರವಾಡದ ಕಡೆಯ ಕನ್ನಡ ಆಡುತ್ತಾರೆ. ಇದು ತಮಿಳಿನ 'ಸತಿ ಲೀಲಾವತಿ'ಯ ರೀಮೇಕ್. 1995ರ ಆ ಸಿನಿಮಾದಲ್ಲಿ ಕಮಲ್ ಜೊತೆ ಇದ್ದವರು ಕೋವೈ ಸರಳಾ. ಅಲ್ಲಿ ಆ ಜೋಡಿ ಆಡುವುದು ಕೊಯಮತ್ತೂರು ಕಡೆಯ ಕೊಂಗು ತಮಿಳು. ಆ ಊರಿನ ಮಾತಿನ ಸೊಗಸನ್ನು ಕನ್ನಡಕ್ಕೆ ತರುವಾಗ ಬೇರೆ ಯಾರಾದರೂ ಬೆಂಗಳೂರು ಕನ್ನಡ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಕಥೆಯಲ್ಲಿ ರಮೇಶ್ ಹೆಂಡತಿ ಶ್ರುತಿಯನ್ನು ಬಿಟ್ಟು ಬೇರೆ ಹುಡುಗಿಯ ಹಿಂದೆ ಹೋಗುತ್ತಾರೆ. ಆ ಗೆಳೆಯನ ಕಳ್ಳಾಟ ಮುಚ್ಚಲು ಹೋಗಿ ಡಾಕ್ಟರ್ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಪೋಣಿಸುತ್ತಾ ಹೋಗಿ ತನ್ನ ಹೆಂಡತಿಯ ಕೈಗೇ ಸಿಗುತ್ತಾನೆ.

ಇಲ್ಲಿ ನಮ್ಮ ಭಾಷೆ ಆಡುವವನು ಓದಿದವನು, ಡಾಕ್ಟರ್, ಹೆಂಡತಿಯನ್ನು ಕಂಡರೆ ಹೆದರುವವನು, ಗೆಳೆಯನ ಸಂಸಾರ ಒಡೆಯಬಾರದು ಅಂತ ಒದ್ದಾಡುವವನು. ಒಬ್ಬ ಪೂರ್ತಿ ಮನುಷ್ಯ. ಅವನ ಮಾತಿಗೆ ನಾವು ನಗುತ್ತೇವೆ, ಅವನನ್ನು ನೋಡಿ ಅಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ನಮ್ಮ ಮಾಳಿಗೆ ಮೇಲೆ ಕಣ್ಣಿಗೆ ಕಂಡಿತು. ಅವ್ವ ಕುರ್ಚಿಯಿಂದ ಮುಂದಕ್ಕೆ ಬಾಗಿ, ಬಲಗಿವಿಯನ್ನು ಸ್ಪೀಕರ್ ಕಡೆ ಹಿಡಿದು, ಊರ್ವಶಿ ಒಂದೊಂದು ಮಾತು ಆಡಿದಾಗಲೂ 'ಹೌದವ್ವ, ಹಂಗ ಕೇಳು, ಬಿಡಬ್ಯಾಡ' ಅಂತ ಪಕ್ಕದ ಮನೆ ಸೊಸೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ಸಿನಿಮಾ ಮುಗಿದ ಮೇಲೆ 'ಆ ಡಾಕ್ಟ್ರು ಯಾವೂರವನಪಾ?' ಅಂದರು. ತಮಿಳುನಾಡಿನ ಪರಮಕುಡಿಯವರು ಅಂದೆ. ನಂಬಲಿಲ್ಲ. ಒಬ್ಬ ನಟನಿಗೆ ಇದಕ್ಕಿಂತ ದೊಡ್ಡ ಬಹುಮಾನ ಏನಿದೆ ಹೇಳಿ.

ನಮ್ಮ ಬಳ್ಳಾರಿ ಮಾತು ಹುಬ್ಬಳ್ಳಿಯದಲ್ಲ, ಅದು ನಿಜ. ನಮ್ಮಲ್ಲಿ ತೆಲುಗಿನ ಎಳೆ ಜಾಸ್ತಿ, ಎಳೆಯುವ ರೀತಿಯೂ ಬೇರೆ. ಆದರೂ ಅವತ್ತು ಎಲ್ಲರಿಗೂ ನಮ್ಮ ಮನೆಯವರೇ ಪರದೆ ಮೇಲೆ ಬಂದ ಹಾಗೆ ಆಯಿತು. ಸಿನಿಮಾದ ನಡುವೆ ಒಂದೆರಡು ಹಾಡು ಸುಮ್ನೆ ಬಂದು ಹೋಗುತ್ತವೆ, ಓಡಿಸಿಬಿಡಿ. ಚಿಕ್ಕ ಮಕ್ಕಳಿಗೆ ಕಥೆ ಅಷ್ಟು ಹತ್ತುವುದಿಲ್ಲ. ಸಂಸಾರಸ್ಥರಿಗೆ ಮಾತ್ರ ಹೇಳಿ ಮಾಡಿಸಿದ ಸಿನಿಮಾ.

ಕಿವಿಯ ವಿಷಯ ಬಂತು ಅಂತ ಇನ್ನೊಂದು ಹೇಳುತ್ತೇನೆ. ನಮ್ಮ ಕಡೆ ಜನ ನಗುವುದನ್ನು ಕಲಿತಿರುವುದು ಕೇಳಿ ಕೇಳಿ. ಗಂಗಾವತಿ ಪ್ರಾಣೇಶ್ ಅವರು ಮೈಕ್ ಮುಂದೆ ನಿಂತು ಬರೀ ಮಾತಿನಿಂದ ಸಾವಿರಾರು ಜನರನ್ನು ನಗಿಸುತ್ತಾರಲ್ಲ, ಅವರನ್ನು ಅಭಿನವ ಬೀಚಿ ಅಂತ ಕರೆಯುತ್ತಾರೆ. ಹಾಸ್ಯ ಬರೆಯುತ್ತಿದ್ದ ಆ ಬೀಚಿಯವರೂ ಹರಪನಹಳ್ಳಿಯವರು, ಈ ಭಾಗದವರೇ. ಹೀಗೆ ಮಾತಿಗೆ ಕಿವಿ ಪಳಗಿದ ಜನಕ್ಕೆ ಕಾಲು ಜಾರಿ ಬೀಳುವುದು, ಕಪಾಳಕ್ಕೆ ಹೊಡೆಯುವುದು ತೋರಿಸಿದರೆ ಸಾಲದು. ಮಾತು ಗಟ್ಟಿ ಇರಬೇಕು.

ಮೂರನೆಯದಕ್ಕೆ ಬರುವ ಮೊದಲು ನಮ್ಮ ಊರಿನ ಒಂದು ಸಂಗತಿ. ಬಳ್ಳಾರಿಯಲ್ಲಿ ತೆಲುಗು ಬಿಟ್ಟು ಸಿನಿಮಾ ಮಾತಾಡಲು ಆಗುವುದಿಲ್ಲ. ಥಿಯೇಟರಿನಲ್ಲಿ ತೆಲುಗು ಸಿನಿಮಾಗೆ ಜನ ಸೇರುವ ಹಾಗೆ ಎಷ್ಟೋ ಸಲ ಕನ್ನಡಕ್ಕೆ ಸೇರುವುದಿಲ್ಲ, ಆ ಬೇಸರ ನನಗೂ ಇದೆ. ಆದರೆ ನಮ್ಮ ಓಣಿಯಲ್ಲೇ ಮೂರು ಮನೆಯವರು ತೆಲುಗು ಆಡುತ್ತಾರೆ, ನಮ್ಮ ಮಕ್ಕಳು ಅವರ ಮನೆಯಲ್ಲೇ ಆಡಿ ಬೆಳೆದಿದ್ದಾರೆ. ಎದುರು ಮನೆ ತಾತ ಮೊದಲ ದಿನದಿಂದಲೂ ಬಂದು ಕೂತು ನಮ್ಮ ಕನ್ನಡ ಸಿನಿಮಾ ನೋಡಿದರು. ನಾಲ್ಕನೆಯ ವಾರ 'ನಮ್ದೂ ಒಂದು ಹಾಕ್ರಪ್ಪ' ಅಂದರು. ಹಾಗೆ ಹಾಕಿದ್ದು 1987ರ 'ಅಹ ನಾ ಪೆಳ್ಳಂಟ'. ಜಂಧ್ಯಾಲ ಅವರ ನಿರ್ದೇಶನ, ರಾಜೇಂದ್ರ ಪ್ರಸಾದ್ ಹೀರೋ. ಆದರೆ ಸಿನಿಮಾ ಇರುವುದು ಕೋಟ ಶ್ರೀನಿವಾಸರಾವ್ ಅವರ ಕೈಯಲ್ಲಿ. ಅವರು ಮಹಾ ಜಿಪುಣ. ಮನೆಯಲ್ಲಿ ಕೋಳಿಯನ್ನು ಎದುರಿಗೆ ಹಗ್ಗಕ್ಕೆ ತೂಗಿಹಾಕಿ, ಅದನ್ನು ನೋಡುತ್ತಾ ನೋಡುತ್ತಾ ಬರೀ ಅನ್ನ ತಿನ್ನುತ್ತಾರೆ. ಆ ಒಂದು ದೃಶ್ಯ ನೋಡದವರು ತೆಲುಗು ನಾಡಿನಲ್ಲಿ ಯಾರೂ ಇರಲಿಕ್ಕಿಲ್ಲ. ಅಂಥ ಮನುಷ್ಯನ ಮಗಳನ್ನು ಮದುವೆಯಾಗಬೇಕು ಅಂತ ಶ್ರೀಮಂತರ ಹುಡುಗ ತಾನು ಅವನಿಗಿಂತ ದೊಡ್ಡ ಜಿಪುಣ ಅಂತ ತೋರಿಸಿಕೊಳ್ಳುತ್ತಾನೆ. ಬ್ರಹ್ಮಾನಂದಂ ಅವರು ಮನೆಮಾತಾದದ್ದು ಈ ಸಿನಿಮಾದಿಂದಲೇ, ಕೋಟ ಅವರ ಆಳಿನ ಪಾತ್ರದಲ್ಲಿ.

ಕೋಳಿ ದೃಶ್ಯ ಮುಗಿದು ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಕತ್ತಲು. ದೂರದಲ್ಲಿ ಕೋಟೆ ಗುಡ್ಡ ಕಪ್ಪಗೆ ಕಾಣುತ್ತಿತ್ತು, ಅಷ್ಟೇ. ಎಲ್ಲರೂ ಎದ್ದು ಚಾಪೆ ಮಡಚಲು ಶುರು ಮಾಡಿದರು. ಆಗ ತಾತ ಕೂತಲ್ಲಿಂದಲೇ ಮುಂದಿನ ಮಾತು ಹೇಳಿದರು. ಕೋಟ ಅವರ ದನಿಯಲ್ಲಿ. ಆಮೇಲೆ ಬ್ರಹ್ಮಾನಂದಂ ದನಿಯಲ್ಲಿ ಉತ್ತರ. ಅವರ ಮೊಮ್ಮಗ ನಡುನಡುವೆ ಕನ್ನಡದಲ್ಲಿ ಹೇಳುತ್ತಾ ಹೋದ. ಕರೆಂಟ್ ಬರಲು ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತೂ ತಾತ ಒಂದೂ ಮಾತು ಬಿಡದೆ, ಉಸಿರು ತಗೊಳ್ಳುವ ಜಾಗವನ್ನೂ ಬಿಡದೆ, ಸಿನಿಮಾ ನಡೆಸಿದರು. ಕರೆಂಟ್ ಬಂದಾಗ ಚಿಕ್ಕ ಹುಡುಗರು 'ಬ್ಯಾಡ, ತಾತನೇ ಹೇಳ್ಲಿ' ಅಂತ ಗಲಾಟೆ ಮಾಡಿದರು. ನಾನು ಈ ಎರಡು ತಿಂಗಳಲ್ಲಿ ಅತಿ ಜಾಸ್ತಿ ನಕ್ಕ ರಾತ್ರಿ ಅದು. ಬರೆದ ಮಾತು ಗಟ್ಟಿ ಇದ್ದರೆ ಮೂವತ್ತು ನಲವತ್ತು ವರ್ಷ ಆದರೂ ಒಬ್ಬ ಮನುಷ್ಯನ ಬಾಯಲ್ಲಿ ಹಾಗೇ ಉಳಿದಿರುತ್ತದೆ. ತೆಲುಗು ಅಷ್ಟಿಷ್ಟು ಅರ್ಥವಾಗುವವರು ಇದನ್ನು ಬಿಡಬೇಡಿ. ಅರ್ಥವಾಗದಿದ್ದರೆ ಅರ್ಥವಾಗುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

'ತಿಥಿ' ಹಾಕೋಣ ಅಂದಾಗ ಮನೆಯಲ್ಲಿ ಬೇಡ ಅಂದರು. ಹೆಸರೇ ಹಾಗಿದೆಯಲ್ಲ, ಭಾನುವಾರ ಸಂಜೆ ನಗಲು ಬಂದವರಿಗೆ ಸಾವಿನ ಸಿನಿಮಾ ಯಾಕೆ ಅಂತ. ನಾನು ಹಟ ಮಾಡಿ ಹಾಕಿದೆ. ರಾಮ್ ರೆಡ್ಡಿ ಅವರ ಸಿನಿಮಾ, 2016ರಲ್ಲಿ ನಮ್ಮಲ್ಲಿ ಬಿಡುಗಡೆ ಆಯಿತು. ಅದಕ್ಕೂ ಮೊದಲೇ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದಿತ್ತು. ಈರೇಗೌಡ ಅವರು ಜೊತೆಗೂಡಿ ಬರೆದದ್ದು. ಮಂಡ್ಯ ಕಡೆಯ ನೊದೆಕೊಪ್ಪಲು ಅನ್ನುವ ಹಳ್ಳಿಯಲ್ಲಿ ತೆಗೆದದ್ದು, ನಟಿಸಿದವರು ಆ ಕಡೆಯ ಹಳ್ಳಿ ಜನರೇ, ಕಸುಬಿನ ನಟರಲ್ಲ.

ಶುರುವಿನಲ್ಲೇ ನೂರಾ ಒಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗುವವರು ಬರುವವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಆಮೇಲೆ ಎದ್ದು ಹೋಗಿ ಉಚ್ಚೆ ಹೊಯ್ಯುವಾಗಲೇ ಬಿದ್ದು ಸಾಯುತ್ತಾನೆ. ಇನ್ನು ಹನ್ನೊಂದು ದಿನಕ್ಕೆ ತಿಥಿ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಬ್ರಾಂದಿ ಬಾಟಲಿ ಜೇಬಿನಲ್ಲಿಟ್ಟುಕೊಂಡು ಹೊಲದಲ್ಲಿ ತಿರುಗುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಹೆಸರಿನಲ್ಲಿದ್ದ ಜಮೀನು ಮಾರಬೇಕು. ಅಪ್ಪ ರುಜು ಹಾಕುವುದಿಲ್ಲ. ಹಾಗಾಗಿ ಬದುಕಿರುವ ಅಪ್ಪನಿಗೇ ಸತ್ತ ಸರ್ಟಿಫಿಕೇಟ್ ಮಾಡಿಸುತ್ತಾನೆ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಸುತ್ತುವುದೇ ಕೆಲಸ.

ಇಲ್ಲಿ ಯಾರೂ ನಗಿಸಲು ಬಂದಿಲ್ಲ. ಹಿಂದೆ ಮ್ಯೂಸಿಕ್ ಇಲ್ಲ. ಮೊದಲ ಹತ್ತು ನಿಮಿಷ ನಮ್ಮ ಮಾಳಿಗೆ ಸುಮ್ಮನಿತ್ತು. ಮಂಡ್ಯದ ಮಾತು ಕಿವಿಗೆ ಹತ್ತಲೂ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಮ್ಮಣ್ಣ ಕಾಗದಪತ್ರಕ್ಕೆ ಅಲೆಯುವುದು ಬಂತು ನೋಡಿ, ನಮ್ಮ ಸೋದರಮಾವ ಎದ್ದು ಕೂತರು. ಅವರು ಸಿರುಗುಪ್ಪ ಕಡೆಯವರು. ತಮ್ಮ ತಾತನ ಹೆಸರಿನಲ್ಲಿದ್ದ ಎರಡು ಎಕರೆ ಭತ್ತದ ಗದ್ದೆಯ ಪೌತಿ ಖಾತೆಗಾಗಿ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಒಂದು ಕಚೇರಿಗೆ ಒಂದೂವರೆ ವರ್ಷ ಓಡಾಡಿದವರು. ಒಂದು ಸಲ ಮರಣ ಪತ್ರದಲ್ಲಿ ಹೆಸರು ತಪ್ಪು, ಇನ್ನೊಂದು ಸಲ ವಂಶವೃಕ್ಷದಲ್ಲಿ ತಪ್ಪು. 'ನಾನು ಇದ್ದೀನಿ ಅಂತ ತೋರಿಸಾಕ ಆರು ಸಲ ಹೋಗೀನಿ, ಇವನು ಇದ್ದವನನ್ನ ಸಾಯಿಸಾಕ ಹೊಂಟಾನ' ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾವನೂ ನಕ್ಕರು. ಅವರು ಆ ಗದ್ದೆ ವಿಷಯಕ್ಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಡ್ಡಪ್ಪ ಕುರಿಗಾರರ ಬಿಡಾರದಲ್ಲಿ ಕೂತು ತನ್ನ ಹಳೆಯ ಕಥೆ ಹೇಳುವಾಗ ಮಾತ್ರ ಯಾರೂ ನಗಲಿಲ್ಲ. ಅದು ನಗುವ ಕಥೆ ಅಲ್ಲ. ನೀವೇ ನೋಡಿ. ಬೈಗುಳ ಜಾಸ್ತಿ ಇದೆ, ಕುಡಿತ ಇದೆ, ಹಾಗಾಗಿ ಸಣ್ಣ ಮಕ್ಕಳನ್ನು ಮಲಗಿಸಿ ಹಾಕಿ. ನಿಧಾನ ಅನ್ನಿಸಿದರೂ ಅರ್ಧ ಗಂಟೆ ತಾಳ್ಮೆ ಇರಲಿ.

'ಒಂದು ಮೊಟ್ಟೆಯ ಕಥೆ' 2017ರದು, ರಾಜ್ ಬಿ. ಶೆಟ್ಟಿ ಬರೆದು ನಿರ್ದೇಶಿಸಿ ನಟಿಸಿದ ಮೊದಲ ಸಿನಿಮಾ. ಮಂಗಳೂರಿನ ಕನ್ನಡ ಲೆಕ್ಚರರ್ ಜನಾರ್ದನ, ತಲೆಯಲ್ಲಿ ಕೂದಲಿಲ್ಲ, ರಾಜ್‌ಕುಮಾರ್ ಅಂದರೆ ಪ್ರಾಣ, ಮದುವೆಗೆ ಹೆಣ್ಣು ಸಿಗುತ್ತಿಲ್ಲ. ಇದನ್ನು ನಮ್ಮ ಚಿಕ್ಕಪ್ಪನ ಮಗನ ಮುಂದೆ ಹಾಕುವುದಾ ಬೇಡವಾ ಅಂತ ನನಗೆ ಅನುಮಾನ ಇತ್ತು. ಅವನಿಗೆ ಮೂವತ್ತಮೂರು, ಮೂರು ವರ್ಷದಿಂದ ಹೆಣ್ಣು ನೋಡುತ್ತಿದ್ದೇವೆ. ಒಕ್ಕಲುತನ ಅಂದ ಕೂಡಲೇ ಹೆಣ್ಣಿನ ಕಡೆಯವರು ಚಹಾ ಕುಡಿದು ಎದ್ದುಬಿಡುತ್ತಾರೆ. ಅವನೇ 'ಹಾಕಣ್ಣ' ಅಂದ. ಈ ಸಿನಿಮಾದ ಒಳ್ಳೆಯತನ ಏನೆಂದರೆ ಬೋಳುತಲೆಯನ್ನು ನೋಡಿ ನಗುವುದಿಲ್ಲ, ಬೋಳುತಲೆಯನ್ನು ನೋಡಿ ನಗುವವರನ್ನು ತೋರಿಸುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ತನ್ನ ತಲೆಯ ಬಗ್ಗೆ ಯಾರಾದರೂ ಆಡಿದರೆ ನೊಂದುಕೊಳ್ಳುವ ಅದೇ ಜನಾರ್ದನ, ಹುಡುಗಿ ದಪ್ಪ ಇದ್ದಾಳೆ ಅಂತ ತಾನೇ ಹಿಂಜರಿಯುತ್ತಾನೆ. ಅಲ್ಲಿ ನಗು ನಮ್ಮ ಗಂಟಲಿನಲ್ಲೇ ನಿಲ್ಲುತ್ತದೆ. ಕಾಲೇಜಿನ ಪ್ಯೂನ್ ಆಗಿ ಪ್ರಕಾಶ್ ತುಮಿನಾಡು ಬಂದಾಗಲೆಲ್ಲ ನಗು ಗ್ಯಾರಂಟಿ. ನಮ್ಮ ಹುಡುಗ ಕೊನೆಯವರೆಗೂ ನೋಡಿದ, ನಕ್ಕ, ಮಲಗುವಾಗ 'ಚಲೋ ಐತಿ' ಅಂತ ಒಂದೇ ಮಾತು ಅಂದ.

ಹುಡುಗರ ಒತ್ತಾಯಕ್ಕೆ ಒಂದು ವಾರ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' (2023) ಹಾಕಿದೆವು. ಒಂದೇ ರಾತ್ರಿಯ ಕಥೆ, ಹಾಸ್ಟೆಲಿನಲ್ಲಿ ಉಸಿರು ಬಿಡದ ಗಲಾಟೆ. ಕಾಲೇಜು ಹುಡುಗರು ಕುಣಿದರು. ದೊಡ್ಡವರಿಗೆ ಮಾತು ಹಿಡಿಯಲೇ ಆಗಲಿಲ್ಲ, ಅವ್ವ ಬೇಗ ಕೆಳಗಿಳಿದರು. ಕೆಟ್ಟ ಸಿನಿಮಾ ಅಲ್ಲ, ಆದರೆ ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ. ಆರರ ಲೆಕ್ಕದಲ್ಲಿ ಇದನ್ನು ನಾನು ಸೇರಿಸಿಲ್ಲ.

ಆರನೆಯದು 'ಸು ಫ್ರಮ್ ಸೋ', 2025. ಅಂದರೆ ಸೋಮೇಶ್ವರದ ಸುಲೋಚನಾ. ಜೆ.ಪಿ. ತುಮಿನಾಡು ನಿರ್ದೇಶನ, ಅಶೋಕ ಅನ್ನುವ ಹುಡುಗನ ಪಾತ್ರವೂ ಅವರದೇ. ಕರಾವಳಿಯ ಒಂದು ಸಣ್ಣ ಊರಿನಲ್ಲಿ ಈ ಅಶೋಕ ಒಂದು ತಪ್ಪು ಮಾಡಿ ಸಿಕ್ಕಿಬಿದ್ದಾಗ ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತಾನೆ. ಅದು ಸುಲೋಚನಾಳ ದೆವ್ವ ಅಂತ ಊರಿಗೆ ಊರೇ ನಂಬುತ್ತದೆ. ಊರಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ ರವಿಯಣ್ಣನಾಗಿ ಶನೀಲ್ ಗೌತಮ್, ದೆವ್ವ ಬಿಡಿಸಲು ಬರುವ ಕರುಣಾಕರ ಗುರೂಜಿಯಾಗಿ ರಾಜ್ ಬಿ. ಶೆಟ್ಟಿ. ಬಾವ ಅನ್ನುವ ಪಾತ್ರ ಬಂದಾಗಲೆಲ್ಲ ಬರುವ ಹಾಡಿಗೆ ನಮ್ಮ ಮಕ್ಕಳು ಮೂರನೆಯ ಸಲಕ್ಕೆ ಎದ್ದು ಕುಣಿಯಲು ಶುರು ಮಾಡಿದರು.

ಇದರಲ್ಲಿ ದೊಡ್ಡ ಹೀರೋ ಇಲ್ಲ. ಊರೇ ಹೀರೋ. ಒಬ್ಬೊಬ್ಬನೂ ಎರಡು ಮಾತು ಆಡಿ ಹೋದರೂ ನೆನಪಿರುತ್ತಾನೆ. ದೆವ್ವದ ಸುದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುವಾಗ ಹೇಗೆ ಬೆಳೆಯುತ್ತದೆ ಅನ್ನುವುದನ್ನು ಓಣಿಯಲ್ಲಿ ಬದುಕಿದವರಿಗೆ ಹೇಳಿಕೊಡಬೇಕಾಗಿಲ್ಲ. ಎರಡನೆಯ ಅರ್ಧದಲ್ಲಿ ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗುತ್ತದೆ. ಕೆಲವರು ಅಲ್ಲಿ ನಗು ಕಡಿಮೆ ಆಯಿತು ಅಂದರು. ನನಗೆ ಅದೇ ಸರಿ ಅನ್ನಿಸಿತು. ಅಷ್ಟು ಹೊತ್ತು ಇಲ್ಲದ ಹೆಂಗಸಿನ ದೆವ್ವಕ್ಕೆ ಹೆದರಿದ ಊರು, ಇರುವ ಹೆಂಗಸಿನ ಮಾತಿಗೂ ಒಮ್ಮೆ ಕಿವಿ ಕೊಡಬೇಕಲ್ವಾ? ಕರಾವಳಿ ಕನ್ನಡ ನಮಗೆ ಪುಸ್ತಕದ ಕನ್ನಡದ ಹಾಗೆ ಕೇಳುತ್ತದೆ. ಮೊದಲು ವಿಚಿತ್ರ, ಆಮೇಲೆ ಇಂಪು. ಒಟ್ಟಿಗೆ ಇಪ್ಪತ್ತು ಜನ ಇದ್ದರೆ ಮಾತ್ರ ಇದನ್ನು ನೋಡಿ, ಒಬ್ಬರೇ ಮೊಬೈಲಿನಲ್ಲಿ ನೋಡಿದರೆ ಅರ್ಧ ರುಚಿ.

ಅರ್ಧಕ್ಕೇ ನಿಲ್ಲಿಸಿದವೂ ಎರಡು ಇವೆ, ಹೆಸರು ಬೇಡ. ಒಂದರಲ್ಲಿ ತೊದಲು ಮಾತಾಡುವವನನ್ನು ಇಟ್ಟುಕೊಂಡು ಗಂಟೆಗಟ್ಟಲೆ ನಗಿಸಲು ನೋಡುತ್ತಾರೆ. ನಮ್ಮ ಟೈಲರ್ ಒಬ್ಬರ ಮಗಳಿಗೆ ಮಾತು ಸ್ವಲ್ಪ ತಡವರಿಸುತ್ತದೆ, ಅವಳು ಮುಂದಿನ ಚಾಪೆಯಲ್ಲೇ ಕೂತಿದ್ದಳು. ನಾನೇ ಎದ್ದು ಆಫ್ ಮಾಡಿದೆ. ಇನ್ನೊಂದರಲ್ಲಿ ಎರಡರ್ಥದ ಮಾತು ಬಿಟ್ಟರೆ ಬೇರೆ ಏನೂ ಇಲ್ಲ. ಹೆಣ್ಣುಮಕ್ಕಳು ಒಬ್ಬೊಬ್ಬರೇ ನೀರು ಕುಡಿಯುವ ನೆಪ ಹೇಳಿ ಕೆಳಗಿಳಿದರು.

ನಿಮ್ಮ ಮನೆಯಲ್ಲೂ ಹಾಕುವುದಾದರೆ ಒಂದೆರಡು ಮಾತು. ಹಳೆಯ ಕನ್ನಡ ಸಿನಿಮಾಗಳು ಯೂಟ್ಯೂಬಿನಲ್ಲೇ ಸುಮಾರು ಸಿಗುತ್ತವೆ. ಮೊದಲೇ ಹಚ್ಚಿ ಐದು ನಿಮಿಷ ಕೇಳಿ ನೋಡಿ, ಕೆಲವದರಲ್ಲಿ ಸದ್ದು ತೀರಾ ಕೆಟ್ಟಿರುತ್ತದೆ. ಊಟ ಮುಗಿಸಿ ಬನ್ನಿ ಅನ್ನಬೇಡಿ, ಒಗ್ಗರಣೆ ಹಾಕಿದ ಮಂಡಾಳು (ಮಂಡಕ್ಕಿ), ಮಿರ್ಚಿ ತರಿಸಿ ಅಲ್ಲೇ ಹಂಚಿ, ಮಂಡಾಳು ನಮಲುವ ಸದ್ದು ಮೊದಲ ಹತ್ತು ನಿಮಿಷಕ್ಕೆ ಮುಗಿದಿರುತ್ತದೆ. ಕಿವಿ ಮಂದ ಇರುವವರನ್ನು ಹಿಂದೆ ಕೂರಿಸಬೇಡಿ.

ಬರುವ ಭಾನುವಾರಕ್ಕೆ ಏನು ಹಾಕೋಣ ಅಂತ ನಿನ್ನೆ ಕೇಳಿದೆ. ಹುಡುಗರು ಹೊಸದು ಅಂದರು, ತಾತ ಇನ್ನೊಂದು ಜಂಧ್ಯಾಲ ಅಂದರು. ಅವ್ವ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತದೆ 'ಆ ನಮ್ಮ ಡಾಕ್ಟ್ರುನ್ನ ಇನ್ನೊಮ್ಮೆ ಹಾಕ್ರಿ' ಅಂದರು. ಅದನ್ನೇ ಹಾಕುತ್ತಿದ್ದೇವೆ. ಏಳೂ ಮುಕ್ಕಾಲಿಗೆ ಶುರು.